ಬಾಗಿಲ ಮೇಲಿನ ಅಂಟು

ಮಡಿಕೇರಿ
೮ ಆಗಸ್ಟ್ ೧೯೫೭

ಕುಶಾಲಪ್ಪನವರಿಗೆ ನಾಗರಾಜುವಿನ ನಮಸ್ಕಾರಗಳು.

ನೀವು ನಿಮ್ಮ ಅರ್ಧಮನೆಗೆ ಬೀಗ ಹಾಕಿಕೊಂಡು ಭಾಗಮಂಡಲಕ್ಕೆ ಹೋಗಿ ಐದು ತಿಂಗಳಾಯಿತು. ಬೊಳ್ಳಮ್ಮಕ್ಕನ ತವರಿನಲ್ಲಿ ಇಬ್ಬರೂ ಹುಷಾರಾಗಿದ್ದೀರಿ ಎಂದು ಬಸ್ಸಿನ ಕಂಡಕ್ಟರು ಹೇಳಿದ. ಇಲ್ಲಿ ನಾವೂ ಇದ್ದೇವೆ. ಗೋಡೆಯಾಚೆ ನಿಮ್ಮ ಕಡೆ ಇಲಿಗಳ ಓಡಾಟ ಜಾಸ್ತಿಯಾಗಿದೆ. ಅದು ಬಿಟ್ಟರೆ ಮನೆ ನೀವು ಬಿಟ್ಟು ಹೋದ ಹಾಗೇ ಇದೆ.

ಈ ಕಾಗದ ನಾನು ಬರೆಯಬಾರದು. ಕೋರ್ಟಿನ ಅಮೀನನಾದವನು ನೋಟೀಸನ್ನು ಕೈಗೆ ಮುಟ್ಟಿಸಬೇಕೇ ಹೊರತು, ನೋಟೀಸು ಬಂದಿದೆ ಎಂದು ಮುಂಚಿತವಾಗಿ ಸುದ್ದಿ ಮುಟ್ಟಿಸಬಾರದು. ಆದರೂ ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕಿ.

ಲಾರಿ ಕೊಳ್ಳಲು ನೀವು ಈ ಮನೆಯನ್ನು ಅಡವಿಟ್ಟದ್ದು, ಆ ಲಾರಿ ಸಂಪಾಜೆ ಘಾಟಿಯಲ್ಲಿ ಮಗುಚಿದ್ದು, ಸುಂಟಿಕೊಪ್ಪದ ಸಾಹುಕಾರರು ದಾವೆ ಹಾಕಿ ಡಿಕ್ರಿ ಮಾಡಿಸಿಕೊಂಡದ್ದು ಎಲ್ಲ ನಡೆದುಹೋಗಿದೆ. ಈಗ ಮನೆಯನ್ನು ಹರಾಜು ಹಾಕಿಸಲು ಹೊರಟಿದ್ದಾರೆ. ಅದಕ್ಕೆ ಮೊದಲು ಯಜಮಾನನ ಕೈಗೆ ಒಂದು ನೋಟೀಸು ಮುಟ್ಟಬೇಕು. ಊರಿನ ಈ ಭಾಗ ನನ್ನ ಪಾಲಿನದು, ಹಾಗಾಗಿ ನೋಟೀಸು ನನ್ನ ಚೀಲಕ್ಕೇ ಬಂತು. ಶಿರಸ್ತೇದಾರರು ಕೊಡುವಾಗ ನನ್ನ ಮುಖ ನೋಡಲಿಲ್ಲ. ನಾನು ಯಾರ ಮನೆಯಲ್ಲಿ ಬಾಡಿಗೆಗೆ ಇದ್ದೇನೆಂದು ಅವರಿಗೆ ಗೊತ್ತು. ಮೈಸೂರು ರಾಜ್ಯಕ್ಕೆ ಸೇರಿ ವರ್ಷವಾಗುತ್ತ ಬಂದರೂ ನಮ್ಮಲ್ಲಿ ಇನ್ನೂ ಹಳೇ ಕೊಡಗಿನ ಫಾರಮ್ಮುಗಳೇ. ಹಳೇ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಹೊಸ ಮೊಹರು ಒತ್ತುತ್ತಾರೆ. ನಿಮ್ಮ ನೋಟೀಸಿನಲ್ಲಿ ಅದು ಸೊಟ್ಟಗೆ ಬಿದ್ದಿದೆ.

ನಿನ್ನೆ ಅದರ ಬೆನ್ನಿಗೆ 'ಮನೆಗೆ ಬೀಗ ಹಾಕಿದೆ, ಆಸಾಮಿ ಊರಲ್ಲಿಲ್ಲ' ಎಂದು ಷರಾ ಬರೆದು ವಾಪಸು ಮಾಡಿದೆ. ಇನ್ನೊಂದೆರಡು ಸಲ ಹೀಗೆ ಬರೆಯಬಹುದು. ಆಮೇಲೆ ಬಾಗಿಲಿಗೆ ಅಂಟಿಸಿ ಎಂದು ಹುಕುಂ ಆಗುತ್ತದೆ. ಅಷ್ಟರೊಳಗೆ ನಿಮ್ಮಿಂದ ಏನಾದರೂ ಆಗುವುದಿದ್ದರೆ ಆಗಲಿ. ನೀವು ಮಾತ್ರ ಮಡಿಕೇರಿ ಕಡೆ ಬರಬೇಡಿ. ನನ್ನ ಕಣ್ಣಿಗೆ ಬಿದ್ದರೆ ನಾನು ಕೊಡಲೇಬೇಕಾಗುತ್ತದೆ.

ನಮ್ಮ ಮನೆಯಾಕೆ ವಿಶಾಲಾಕ್ಷಿಗೆ ನಾನು ಏನೂ ಹೇಳಿಲ್ಲ. ಅವಳ ಕಣ್ಣು ಹೋದ ಮೊದಲ ವರ್ಷ ಮಂಚ ಬಿಟ್ಟು ಏಳದೆ ಹೇಗೆ ಕೂತಿದ್ದಳೆಂದು ನೀವಿಬ್ಬರೂ ಕಂಡವರು. ಗೋಡೆ ಸವರಿಕೊಂಡು ಈ ಮನೆಯನ್ನು ಕಲಿಯಲು ಅವಳಿಗೆ ಎರಡು ವರ್ಷ ಹಿಡಿಯಿತು. ಮಂಚದಿಂದ ಒಲೆಗೆ ಒಂಬತ್ತು ಹೆಜ್ಜೆ, ಒಲೆಯಿಂದ ಬಾವಿಕಟ್ಟೆಗೆ ಹದಿನಾಲ್ಕು. ಈಗ ಅಡಿಗೆ ಅವಳದೇ. ನೋಟೀಸು ಹಚ್ಚುವುದಕ್ಕೆ ನನಗೆ ಬೇಕಾದ ಮೈದಾ ಅಂಟನ್ನೂ ಮೊದಲಿನ ಹಾಗೆ ಅವಳೇ ಕಾಯಿಸುತ್ತಾಳೆ. ತೋಟಕ್ಕೆ ಹೊಡೆದು ಉಳಿದದ್ದೆಂದು ನೀವು ಕೊಟ್ಟಿದ್ದ ಮೈಲುತುತ್ತ ಇನ್ನೂ ಡಬ್ಬಿಯಲ್ಲಿದೆ, ಹುಳ ಹಿಡಿಯದಿರಲೆಂದು ಒಂದು ಚಿಟಿಕೆ ಅದನ್ನೂ ಹಾಕುತ್ತಾಳೆ. ಇನ್ನೊಂದು ಮನೆಗೆ ಹೋದರೆ ಅವಳು ಮತ್ತೆ ಮಂಚಕ್ಕೆ ಹೋಗುತ್ತಾಳೆ. ನನ್ನ ಭಯ ಅದೊಂದೇ.

ಇಂತಿ ನಿಮ್ಮ ಬಾಡಿಗೆಯವನು,
ನಾಗರಾಜು


ಭಾಗಮಂಡಲ
೨೧ ಆಗಸ್ಟ್ ೧೯೫೭

ಅಮೀನ ಸಾಹೇಬರಿಗೆ,

ಕೋರ್ಟಿನವರಿಗೆ ಎಲ್ಲಿ ಹುಡುಕಿದರೂ ಸಿಗದ ಆಸಾಮಿ ಬರೆಯುವ ಕಾಗದ ಇದು. ಹನ್ನೆರಡು ವರ್ಷ ಒಂದೇ ಗೋಡೆಯ ಈಚೆ ಆಚೆ ಇದ್ದೆವು. ನಿಮ್ಮ ಅಕ್ಷರ ಇಷ್ಟು ದುಂಡಗಿದೆ ಎಂದು ಗೊತ್ತೇ ಇರಲಿಲ್ಲ. ಊರವರ ಮನೆ ಬಾಗಿಲಿನಲ್ಲಿ ನೋಡಿದ್ದೇನೆ, ಆದರೆ ಅದನ್ನು ಯಾರು ನಿಂತು ಓದುತ್ತಾರೆ!

ನೀವು ಹೇಳಿದಂತೆ ಕಾಗದವನ್ನು ಒಲೆಗೆ ಹಾಕಲು ಹೋದೆ. ಬೊಳ್ಳಮ್ಮ ಕಿತ್ತುಕೊಂಡು ಓದಿದಳು. ಅವಳು ನನ್ನೊಡನೆ ಮಾತು ಬಿಟ್ಟು ಲಾರಿ ಮಗುಚಿದಷ್ಟೇ ಕಾಲವಾಗಿದೆ. ಊಟಕ್ಕೆ ಕರೆಯುವುದು ತಟ್ಟೆಯ ಸದ್ದಿನಲ್ಲಿ. ಕಾಗದ ಓದಿ ಮಡಚಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಸಿಟ್ಟಿಗೆ ಇಟ್ಟಳೋ ನೆನಪಿಗೆ ಇಟ್ಟಳೋ ಕೇಳುವ ಧೈರ್ಯ ನನಗಿಲ್ಲ.

ಇಲ್ಲಿ ಭಾವಂದಿರ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಪಿಕ್ಕಿಂಗ್ ಮುಗಿದ ಮೇಲೆ ಒಂದು ಪಾಲು ನನಗೆಂದು ಹೇಳಿದ್ದಾರೆ. ಅದು ಕೈಗೆ ಬಂದರೆ ಸಾಹುಕಾರರ ಬಾಯಿ ಮುಚ್ಚಿಸಬಹುದು. ಹಾಗಾಗಿ ನಿಮ್ಮ 'ಊರಲ್ಲಿಲ್ಲ'ವನ್ನು ಎಷ್ಟು ಎಳೆಯಲು ಸಾಧ್ಯವೋ ಅಷ್ಟು ಎಳೆಯಿರಿ. ಇದನ್ನು ಕೇಳಲು ನನಗೆ ನಾಚಿಕೆಯಾಗುತ್ತದೆ. ಮೂವತ್ತು ವರ್ಷ ಸುಳ್ಳು ಷರಾ ಬರೆಯದ ಕೈ ನಿಮ್ಮದು.

ತಂಗಿಯಂತಿರುವ ವಿಶಾಲಾಕ್ಷಿಗೆ ಒಂದು ಸೀಸೆ ಜೇನು ಕಳಿಸಿದ್ದೇನೆ. ಭಾವಂದಿರು ಪೆಟ್ಟಿಗೆಯಲ್ಲಿ ಸಾಕಿದ್ದು. ಕುಶಾಲಪ್ಪಣ್ಣ ಎಲ್ಲಿ ಎಂದು ಕೇಳಿದರೆ ತೋಟದಲ್ಲಿ ಕೆಲಸ ಹೆಚ್ಚು ಎನ್ನಿ, ಅದರಲ್ಲಿ ಸುಳ್ಳೇನೂ ಇಲ್ಲ.

ಸಿಗದಿರುವ ಆಸಾಮಿ,
ಕುಶಾಲಪ್ಪ


ಮಡಿಕೇರಿ
೧೯ ಸೆಪ್ಟೆಂಬರ್ ೧೯೫೭

ಕುಶಾಲಪ್ಪನವರಿಗೆ ನಮಸ್ಕಾರ.

ಜೇನು ಮುಟ್ಟಿತು. ವಿಶಾಲಾಕ್ಷಿ ಬೆರಳದ್ದಿ ನೋಡಿ, "ಇದು ಪ್ಯಾಟೇದಲ್ಲ, ಕುಶಾಲಪ್ಪಣ್ಣಂದೇ" ಎಂದಳು.

ಎರಡನೆಯ ನೋಟೀಸು ಬಂತು. ಈ ಸಲ 'ನೆರೆಯವರನ್ನು ವಿಚಾರಿಸಲಾಗಿ ಆಸಾಮಿಯು ಎಲ್ಲಿದ್ದಾನೆಂದು ತಿಳಿದುಬಂದಿರುವುದಿಲ್ಲ' ಎಂದು ಬರೆದೆ. ನೆರೆಯವನು ನಾನೇ. ನನ್ನನ್ನು ನಾನೇ ವಿಚಾರಿಸಿದೆ, ನನಗೆ ತಿಳಿಯದೆಂದು ಹೇಳಿದೆ, ಅದನ್ನು ನಾನೇ ಬರೆದುಕೊಂಡೆ. ನಿಮ್ಮ ಕಾಗದ ಆಗ ನನ್ನ ಅಂಗಿಯ ಜೇಬಿನಲ್ಲಿತ್ತು. ಸಹಿ ಹಾಕಿ, ಮಸಿ ಒಣಗಿಸಿ, ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಿಂದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇದನ್ನೇ ಇರಬೇಕು. ಬಾಗಿಲ ಮುಂದೆ ನಿಂತು ಹೆಂಗಸರು ಅಳುವಾಗ ಅಂಟಿನ ಡಬ್ಬಿಯನ್ನು ನೋಡುತ್ತ ನಿಲ್ಲುವುದು. ಈಗ ನನ್ನ ಮನೆಯ ವಿಷಯದಲ್ಲೂ ಅದೇ ಅಭ್ಯಾಸ ಬರುತ್ತಿದೆ.

ನಿಮ್ಮನ್ನು ಒಂದು ಕೇಳಬೇಕು. ಕಾಫಿಯ ಪಾಲು ಬರುವುದರೊಳಗೆ ಹರಾಜಾಗುತ್ತದೆ ಎಂದು ನನಗನ್ನಿಸುತ್ತದೆ. ಬೇರೆ ಊರಿನವರು ಕೂಗುವ ಸಂಭವ ಕಡಿಮೆ, ಸಾಹುಕಾರರೇ ಕೂಗಿ ಹಿಡಿಯುತ್ತಾರೆ. ಅವರಿಗೆ ಈ ಮನೆಯಲ್ಲಿ ವಾಸ ಮಾಡುವುದು ಬೇಕಿಲ್ಲ. ನಮ್ಮ ಅರ್ಧವನ್ನು ನಮಗೇ ಬಾಡಿಗೆಗೆ ಬಿಡಿ ಎಂದು ನೀವು ಎದುರು ನಿಂತು ಒಂದು ಮಾತು ಹೇಳಿದರೆ ಕೇಳಿಯಾರು. ಸಾಲ ವಸೂಲಿಯಲ್ಲಿ ಗಟ್ಟಿಗರಾದರೂ ಮನುಷ್ಯರೇ ಎಂದು ಅವರ ಬಗ್ಗೆ ಕೇಳಿದ್ದೇನೆ. ನಾನು ಹೋಗಿ ಕೇಳುವಂತಿಲ್ಲ. ನೋಟೀಸು ಜಾರಿ ಮಾಡಬೇಕಾದ ಅಮೀನ ವಾದಿಯ ಅಂಗಡಿ ಮೆಟ್ಟಿಲು ಹತ್ತಿ ಉಪಕಾರ ಕೇಳಿದನೆಂದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ, ಎರಡು ಷರಾಗಳೂ ಹೊರಬರುತ್ತವೆ.

ಮನೆ ಯಾರದಾದರೂ ಆಗಲಿ. ಅವಳ ಒಂಬತ್ತು ಹೆಜ್ಜೆ ಹಾಗೇ ಉಳಿದರೆ ಸಾಕು.

ಇಂತಿ,
ನಾಗರಾಜು


ಭಾಗಮಂಡಲ
೨೦ ಅಕ್ಟೋಬರ್ ೧೯೫೭

ಅಮೀನರೇ,

ಉತ್ತರ ತಡವಾಯಿತು. ತುಲಾ ಸಂಕ್ರಮಣದ ಜನ ಇನ್ನೂ ಕರಗಿಲ್ಲ. ಮನೆ ತುಂಬ ನೆಂಟರು, ಕೂತು ಬರೆಯಲು ಮೂಲೆ ಸಿಗಲಿಲ್ಲ. ಬೊಳ್ಳಮ್ಮ ತಲಕಾವೇರಿಗೆ ಹತ್ತಿ ಹೋಗಿ ಎರಡು ಸೀಸೆ ತೀರ್ಥ ತಂದಿದ್ದಾಳೆ. ಒಂದು ತಂಗಿಗೆ. ಕಂಡಕ್ಟರ ಕೈಯಲ್ಲಿ ಕೊಟ್ಟಿದ್ದೇನೆ. ಕಣ್ಣಿಗೆ ಹಚ್ಚಿಕೊಳ್ಳಲಿ ಎಂದು ಕಳಿಸಿದ್ದೋ ಬರೀ ಕುಡಿಯಲಿ ಎಂದೋ ಅವಳು ಹೇಳಿಲ್ಲ. ನನಗೆ ಹೇಳುವುದೂ ಇಲ್ಲವಲ್ಲ.

ನೀವು ಕೇಳಿದ್ದು ನ್ಯಾಯವಾದ ಮಾತು. ಅದನ್ನು ನೀವು ಕೇಳುವ ಮೊದಲು ನಾನೇ ಯೋಚಿಸಬೇಕಿತ್ತು. ಸಾಹುಕಾರರು ಸುಂಟಿಕೊಪ್ಪದ ಅಂಗಡಿಯಲ್ಲಿ ಕೂರುವುದು ಗುರುವಾರ ಮಾತ್ರ, ಮಿಕ್ಕ ದಿನ ತೋಟದಲ್ಲಿ ಇರುತ್ತಾರೆ. ಅಂಗಡಿಯಲ್ಲೇ ಹಿಡಿದು ಮಾತಾಡುತ್ತೇನೆ. ನನ್ನ ಮನೆ ನನಗೆ ಉಳಿಸಿ ಎಂದು ಕೇಳಲು ನಾಲಿಗೆ ಏಳದು. ತಂಗಿಗೆ ಉಳಿಸಿ ಎಂದು ಕೇಳಬಲ್ಲೆ.

ಭಾಗಮಂಡಲದ ಬಸ್ಸಿಗೆ ಬಂದು ಮಡಿಕೇರಿಯಲ್ಲಿ ಇಳಿದು ಸುಂಟಿಕೊಪ್ಪದ ಬಸ್ಸು ಹಿಡಿಯಬೇಕು. ನಡುವೆ ಹತ್ತು ನಿಮಿಷ ನಿಮ್ಮ ಊರಿನಲ್ಲಿ ಇರುತ್ತೇನೆ. ಯಾವ ಗುರುವಾರ ಎಂದು ಬರೆಯುವುದಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ ಎಂಬ ಭಾರ ನಿಮ್ಮ ತಲೆಯ ಮೇಲೆ ಬೇಡ. ಈಗಾಗಲೇ ಸಾಕಷ್ಟು ಹೊತ್ತಿದ್ದೀರಿ.

ಇಂತಿ,
ಕುಶಾಲಪ್ಪ


ಮಡಿಕೇರಿ
೯ ನವೆಂಬರ್ ೧೯೫೭

ಕುಶಾಲಪ್ಪನವರಿಗೆ,

ತೀರ್ಥ ಮುಟ್ಟಿತು. ವಿಶಾಲಾಕ್ಷಿ ಕಣ್ಣಿಗೂ ಹಚ್ಚಿಕೊಂಡಳು, ಕುಡಿದಳೂ ಕುಡಿದಳು.

ಮೊನ್ನೆ ಗುರುವಾರ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಂಡೆ. ಕರಿ ಕೋಟು ಹಾಕಿದ್ದಿರಿ, ಕೈಯಲ್ಲಿ ಕೊಡೆಯಿತ್ತು. ಬಹಳ ಇಳಿದಿದ್ದೀರಿ. ನಾನು ಬೇರೊಂದು ಕೇಸಿಗೆ ಮೂರ್ನಾಡಿಗೆ ಹೊರಟಿದ್ದೆ. ಆ ಕೇಸೂ ಅದೇ ಸಾಹುಕಾರರದೇ ಆದ್ದರಿಂದ ಅವರ ಲೆಕ್ಕ ಬರೆಯುವ ರೈಟರು ಜೊತೆಯಲ್ಲಿದ್ದರು. ಅವರಿಗೆ ನಿಮ್ಮ ಮುಖ ಚೆನ್ನಾಗಿ ಗೊತ್ತು. ನಿಮ್ಮ ನೋಟೀಸು, ಮೂರನೆಯ ಸಲದ್ದು, ನನ್ನ ಚೀಲದಲ್ಲೇ ಇತ್ತು.

ನೀವು ನನ್ನನ್ನು ನೋಡಿದಿರಿ. ನಾನು ಚೀಲದ ಬಾಯಿ ಹಿಡಿದುಕೊಂಡು ನಿಮಗೆ ಬೆನ್ನು ಮಾಡಿದೆ. ರೈಟರ ತೋಳು ಹಿಡಿದು "ಬನ್ನಿ ಸ್ವಾಮೀ, ಬಸ್ಸು ಇನ್ನೂ ತಡ, ಕಾಫಿ ಕುಡಿಯೋಣ" ಎಂದು ಹೋಟೆಲಿಗೆ ಎಳೆದುಕೊಂಡು ಹೋದೆ. ಅಮೀನನ ದುಡ್ಡಿನಲ್ಲಿ ಕಾಫಿಯೇ ಎಂದು ಅವರಿಗೆ ಆಶ್ಚರ್ಯ. ಬಾಗಿಲಿಗೆ ಬೆನ್ನಾಗುವ ಬೆಂಚಿನಲ್ಲಿ ಅವರನ್ನು ಕೂರಿಸಿದೆ. ಹೊರಗೆ ಒಂದು ಬಸ್ಸು ಹೊರಟ ಸದ್ದಾಯಿತು. ಸುಂಟಿಕೊಪ್ಪದ ಬಸ್ಸು, ನಿಮಗೆ ಸಿಕ್ಕಿತು ಎಂದುಕೊಂಡು ನಾನೂ ಕಾಫಿ ಮುಗಿಸಿದೆ. ನನಗೆ ಆ ದಿನ ಸಮಾಧಾನವಾಗಿತ್ತು. ಬಹಳ ತಿಂಗಳ ಮೇಲೆ ಏನೋ ಒಂದು ಅನ್ನಿಸಿದ್ದು ಅದೇ.

ಸಾಹುಕಾರರು ಏನೆಂದರು? ಒಂದು ಸಾಲು ಬರೆದರೂ ಸಾಕು. ಆಗಲಿ ಎಂದರೋ ಇಲ್ಲವೋ ಅಷ್ಟೇ ತಿಳಿಸಿ.

ಇಂತಿ,
ನಾಗರಾಜು


ಭಾಗಮಂಡಲ
೨೭ ನವೆಂಬರ್ ೧೯೫೭

ನಾಗರಾಜು ಅವರಿಗೆ,

ನಿಮ್ಮ ಕಾಗದ ಬಂದು ಹದಿನೈದು ದಿನಗಳ ಮೇಲಾಯಿತು. ದಿನವೂ ಪೆನ್ನು ಹಿಡಿಯುತ್ತೇನೆ, ಇಡುತ್ತೇನೆ.

ನಾನು ಸುಂಟಿಕೊಪ್ಪಕ್ಕೆ ಹೋಗಲಿಲ್ಲ.

ಅಂದು ಬಸ್ಸಿನಿಂದ ಇಳಿದವನಿಗೆ ಮೊದಲು ಕಂಡದ್ದು ನೀವು, ಪಕ್ಕದಲ್ಲಿ ಸಾಹುಕಾರರ ರೈಟರು. ನಿಮ್ಮ ಕೈ ಚೀಲಕ್ಕೆ ಹೋಯಿತು. ಆಮೇಲೆ ನೀವು ಬೆನ್ನು ತಿರುಗಿಸಿದಿರಿ. ಹಿಂದಕ್ಕೆ ಹೋಗಿ, ಇಲ್ಲಿ ನಿಲ್ಲಬೇಡಿ ಎಂದು ಹೇಳುತ್ತಿದ್ದೀರಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅದಕ್ಕಿಂತ ಕೆಟ್ಟದ್ದನ್ನೂ ಅಂದುಕೊಂಡೆ. ಇವರಿಗೂ ನನ್ನ ಮುಖ ಬೇಡವಾಯಿತು ಎಂದುಕೊಂಡೆ. ಇಳಿದ ಬಸ್ಸನ್ನೇ ಮತ್ತೆ ಹತ್ತಿ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತೆ. ನೀವು ಹೋಟೆಲಿನೊಳಗೆ ಕೇಳಿದ ಸದ್ದು ಭಾಗಮಂಡಲಕ್ಕೆ ತಿರುಗಿ ಹೊರಟ ನನ್ನ ಬಸ್ಸಿನದು.

ನೀವು ನನಗೆ ದಾರಿ ಬಿಟ್ಟಿದ್ದು ಎಂದು ನಿಮ್ಮ ಕಾಗದ ಓದಿದ ಮೇಲೇ ಗೊತ್ತಾಯಿತು.

ನಾನು ಮನೆಗೆ ತಿರುಗಿ ಬಂದ ಆ ದಿನ ಬೊಳ್ಳಮ್ಮ ಬಾಯಿ ಬಿಟ್ಟಳು. ಒಂಬತ್ತು ತಿಂಗಳ ಮೇಲೆ ಮೊದಲ ಮಾತು, "ಹೋದ್ದ್ ಎಂಥಕೆ, ಬಂದದ್ದ್ ಎಂಥಕೆ?" ಎಂದು. ಅಷ್ಟೇ ಕೇಳಿ ಒಳಗೆ ಹೋದಳು.

ಮತ್ತೊಂದು ಗುರುವಾರ ಹೋಗಬಹುದಿತ್ತು. ಇದಾದ ಮೇಲೆ ಎರಡು ಗುರುವಾರ ಕಳೆದಿವೆ. ಬೆಳಿಗ್ಗೆ ಕೋಟು ಹಾಕಿಕೊಳ್ಳುತ್ತೇನೆ, ಗುಂಡಿ ಹಾಕಿ ಮುಗಿಸುವ ಮೊದಲೇ ಬಿಚ್ಚಿ ಮೊಳೆಗೆ ಸಿಕ್ಕಿಸುತ್ತೇನೆ. ಬದಲಿಗೆ ಸಾಹುಕಾರರಿಗೆ ಒಂದು ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಕುಶಾಲಪ್ಪ


ಮಡಿಕೇರಿ
೧೨ ಡಿಸೆಂಬರ್ ೧೯೫೭

ಕುಶಾಲಪ್ಪನವರಿಗೆ,

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುತ್ತದೇನೋ ಎಂದು ಎರಡು ದಿನ ಕಾದೆ. ಬರಲಿಲ್ಲ. ಆ ದಿನ ಒಂದು ಸಲ ನಿಮ್ಮ ಕಡೆ ಕತ್ತು ಆಡಿಸಿದ್ದರೆ ಸಾಕಿತ್ತು. ನನ್ನ ಕೆಲಸದಲ್ಲಿ ಕತ್ತು ಆಡಿಸುವ ಅಭ್ಯಾಸ ತಪ್ಪಿಹೋಗಿದೆ.

ಮೂರನೆಯ ನೋಟೀಸಿಗೂ ಆಸಾಮಿ ಸಿಗಲಿಲ್ಲ ಎಂದೇ ಬರೆದೆ. ಹುತ್ತರಿ ಹಬ್ಬದ ರಜೆ ಮುಗಿದ ಮಾರನೆಯ ದಿನ ಹರಾಜಿನ ಹುಕುಂ ಕೈಗೆ ಬಂತು. ಜನವರಿ ಕೊನೆಯ ವಾರ ಹರಾಜು. ಬಾಗಿಲಿಗೆ ಅಂಟಿಸಿ, ತಮಟೆ ಹೊಡೆಸಿ, ನಾಲ್ಕು ಜನರಿಗೆ ಕೇಳುವಂತೆ ಓದಬೇಕು. ಬೇರೆ ಅಮೀನರನ್ನು ಕಳಿಸಿ ಎಂದು ಶಿರಸ್ತೇದಾರರನ್ನು ಕೇಳಬಹುದಿತ್ತು. ಕೇಳಿದ್ದರೆ ಕಾರಣ ಹೇಳಬೇಕಿತ್ತು.

ನಿನ್ನೆ ಬೆಳಿಗ್ಗೆ ವಿಶಾಲಾಕ್ಷಿ ಎಂದಿನಂತೆ, "ಇವತ್ತು ಎಷ್ಟು ಬಾಗ್ಲು?" ಎಂದು ಕೇಳಿದಳು. "ಒಂದೇ" ಎಂದೆ. "ಹಂಗಾರೆ ಒಂದು ಲೋಟ ಸಾಕು" ಎಂದು ಅಂಟು ಕಾಯಿಸಿ ಡಬ್ಬಿಗೆ ತುಂಬಿ, ಹೊರಗೆ ಸೋರಿದ್ದನ್ನು ಒರೆಸಿ ಕೊಟ್ಟಳು. ಕೈಗೆ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಿ, ಹಾಜರಿ ಹಾಕಿ, ಅದೇ ಡಬ್ಬಿ ಹಿಡಿದುಕೊಂಡು ಅದೇ ಬಾಗಿಲಿಗೆ ಬಂದೆ. ಎರಡು ಅರ್ಧಕ್ಕೂ ಸೇರಿ ಮುಂಬಾಗಿಲು ಅದೊಂದೇ ಅಲ್ಲವೇ.

ಅವಳು ಬಾವಿಯ ಹತ್ತಿರ ಬಟ್ಟೆ ಒಗೆಯುವ ಹೊತ್ತು ನೋಡಿಕೊಂಡಿದ್ದೆ. ತಮಟೆಯ ಸೋಮನಿಗೆ ಮೊದಲೇ ಹೇಳಿದ್ದೆ. ಅವನು ರಸ್ತೆಯಲ್ಲೇ ನಿಂತು ಬೆರಳ ತುದಿಯಲ್ಲಿ ಮೂರು ಸಲ ತಟ್ಟಿ, "ಸಾಕಾ ಸಾಮಿ?" ಎಂದ. ಸಾಕು ಎಂದೆ. ಎದುರುಮನೆಯ ವಿಮಲಮ್ಮ ಟೀಚರು ಸಾಕ್ಷಿಯಾಗಿ ರುಜು ಹಾಕಿದರು. ಓದಿದರು, ನನ್ನನ್ನು ನೋಡಿದರು. ನಾನು ಹುಕುಮನ್ನು ಬಾಯೊಳಗೇ ಓದಿಕೊಂಡೆ. ನಾಲ್ಕು ಜನಕ್ಕೆ ಕೇಳುವಂತೆ ಓದಲಾಗಿದೆ ಎಂದು ಬರೆದೆ. ಕಾಗದಕ್ಕೆ ಅಂಟು ಸವರಿ, ನಾಲ್ಕು ಮೂಲೆ ಒತ್ತಿ, ನಡುವೆ ಅಂಗೈಯಿಂದ ಒಮ್ಮೆ ಉಜ್ಜಿದೆ. ಚೆನ್ನಾಗಿ ಕೂತಿತು. ಇನ್ನು ಯಾವ ಬಾಗಿಲಿಗೆ ಹೋಗಬೇಕೆಂದು ಚೀಲದೊಳಗೆ ನೋಡಿದೆ. ಒಂದೇ ಇದ್ದದ್ದು ಎಂದು ಆಮೇಲೆ ನೆನಪಾಯಿತು.

ಈ ದಿನ ಬೆಳಿಗ್ಗೆ ಅವಳು ಹೊಸಲು ಒರೆಸುತ್ತ ಬಾಗಿಲ ಮೇಲೆ ಕೈ ಆಡಿಸಿದಳು. ಕೈ ಅಲ್ಲೇ ನಿಂತಿತು.

"ಏನ್ರೀ ಇದು, ಬಾಗ್ಲಲ್ಲಿ ಕಾಗ್ದ?"

"ಸೊಳ್ಳೆಗೆ ಡಿಡಿಟಿ ಹೊಡೆಯೋರು ಅಂಟಿಸವ್ರೆ. ಮತ್ತೆ ಬರೋ ತಾರೀಕಂತೆ."

"ಓ" ಎಂದಳು. ಕಾಗದದ ಅಂಚನ್ನು ಬೆರಳಿನಿಂದ ಪೂರ್ತಿ ಒಂದು ಸುತ್ತು ಸವರಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ನಂಬಿದಳು ಎಂದು ಕಾಣುತ್ತದೆ.

ಸಾಹುಕಾರರಿಂದ ಉತ್ತರ ಬಂದರೆ ತಿಳಿಸಿ.

ಇಂತಿ,
ನಾಗರಾಜು


ಭಾಗಮಂಡಲ
೧ ಫೆಬ್ರವರಿ ೧೯೫೮

ನಾಗರಾಜು ಅವರಿಗೆ,

ಹರಾಜಿನ ಸುದ್ದಿ ನಿಮ್ಮಿಂದ ನನಗೆ ಬರುವ ಮೊದಲೇ ಕಂಡಕ್ಟರು ಹೇಳಿದ. ಸಾಹುಕಾರರೇ ಕೂಗಿದರಂತೆ. ಕಾಫಿಯ ಪಾಲು ಇನ್ನೂ ಕಣದಲ್ಲಿ ಒಣಗುತ್ತಿದೆ.

ಇನ್ನು ಯಾವ ನೋಟೀಸಿಗೂ ಹೆದರಬೇಕಾಗಿರಲಿಲ್ಲ. ಮೊನ್ನೆ ಗುರುವಾರ ಎದ್ದು ಸೀದಾ ಹೋದೆ. ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ನೀವು ನಿಂತಿದ್ದ ಜಾಗ ನೋಡಿದೆ, ಯಾರೂ ಇರಲಿಲ್ಲ. ಹತ್ತು ನಿಮಿಷದಲ್ಲಿ ಸುಂಟಿಕೊಪ್ಪದ ಬಸ್ಸು ಸಿಕ್ಕಿತು. ಅಷ್ಟು ಸುಲಭದ ದಾರಿ ಅದು.

ಸಾಹುಕಾರರು ನನ್ನನ್ನು ಕೂರಿಸಿ ಕಾಫಿ ತರಿಸಿದರು. ನಾನು ತಂಗಿಯ ವಿಷಯ ಹೇಳಿದೆ. ಕಣ್ಣಿಲ್ಲದಿರುವುದನ್ನು ಹೇಳಿದೆ, ಹೆಜ್ಜೆಗಳನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರೆಂದದ್ದು ಇಷ್ಟು: "ನವೆಂಬರ್‌ನಲ್ಲಿ ಬಂದು ಕೇಳಿದ್ರೆ ಇರ್ಲಿ ಬಿಡಿ ಅಂತಿದ್ದೆ ಮಾರಾಯ್ರೆ. ನಂಗೇನು ಆ ಮನೇಲಿ ಮಲಗ್ಬೇಕಾ? ಈಗ ಗೊಬ್ಬರದ ಗೋದಾಮಿಗೆ ಅಂತ ಬೇರೆಯೋರಿಗೆ ಮಾತು ಕೊಟ್ಟಾಯ್ತು. ಮುಂದಿನ ಗೋಡೆ ಒಡೀತಾರೆ." ನನ್ನ ಕಾಗದ ಬಂದಿತ್ತೇ ಎಂದು ಕೇಳಿದೆ. ಸಾಲಗಾರರ ಕಾಗದಗಳನ್ನು ರೈಟರು ಒಂದು ತಂತಿಗೆ ಚುಚ್ಚಿ ಇಡುತ್ತಾರಂತೆ, ಅವರು ಓದುವುದಿಲ್ಲವಂತೆ. ತಂತಿ ಅಲ್ಲೇ ಗೋಡೆಯಲ್ಲಿ ನೇತಾಡುತ್ತಿತ್ತು.

ಅವರು ಕೆಟ್ಟ ಮಾತು ಒಂದೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾರ್ಚ್ ಮುಗಿಯುವವರೆಗೆ ನೀವು ಇರಬಹುದು ಎಂದಿದ್ದಾರೆ. ನಾಗರಾಜಣ್ಣ, ಮನೆ ಹೋದದ್ದಕ್ಕೆ ನನಗೆ ಇಷ್ಟು ದುಃಖವಾಗಲಿಲ್ಲ. ಲಾರಿ ಮಗುಚಿದ ದಿನವೇ ಅದು ಹೋಗಿತ್ತು. ನಿಮ್ಮ ಮನೆಯನ್ನು ಕಳೆದವನು ಮಾತ್ರ ನಾನು. ಆ ಬಸ್ಸಿನಲ್ಲಿ ಮತ್ತೆ ಹತ್ತಿ ಕೂತೆನಲ್ಲ, ಆಗ ಕಳೆದೆ. ತಪ್ಪಾಯಿತು ಎಂದು ಬರೆಯಲು ಈ ಹಾಳೆ ತೆಗೆದುಕೊಂಡೆ. ಬರೆದ ಮೇಲೆ ಅದು ಬಹಳ ಸಣ್ಣದಾಗಿ ಕಾಣುತ್ತಿದೆ.

ನನ್ನ ಅರ್ಧದ ಬೀಗದ ಕೈ ಇದರೊಂದಿಗೆ ಇದೆ. ಅದನ್ನು ನೀವೇ ಅವರಿಗೆ ಒಪ್ಪಿಸಿ. ತಂಗಿಗೆ ಹೇಳಿದಿರಾ?

ಕುಶಾಲಪ್ಪ


ಮಡಿಕೇರಿ
೬ ಏಪ್ರಿಲ್ ೧೯೫೮

ಕುಶಾಲಪ್ಪನವರಿಗೆ,

ವಿಳಾಸ ಬದಲಾಗಿದೆ. ಬಸ್‌ಸ್ಟ್ಯಾಂಡಿನ ಕೆಳಗೆ ಸಾಲು ಕೋಣೆಗಳಿವೆಯಲ್ಲ, ಅದರಲ್ಲಿ ಕೊನೆಯದು. ಕಂಡಕ್ಟರನಿಗೆ ತೋರಿಸಿದ್ದೇನೆ.

ಕಳೆದ ತಿಂಗಳ ಇಪ್ಪತ್ತೊಂಬತ್ತಕ್ಕೆ ಮನೆ ಖಾಲಿ ಮಾಡಿದೆವು. ವಿಶಾಲಾಕ್ಷಿಗೆ ನಾನು ಕೊನೆಯವರೆಗೂ ನಿಜ ಹೇಳಲಿಲ್ಲ. ಕುಶಾಲಪ್ಪಣ್ಣ ಮನೆ ರಿಪೇರಿ ಮಾಡಿಸುತ್ತಾರಂತೆ, ಸ್ವಲ್ಪ ದಿನಕ್ಕೆ ಬೇರೆ ಕಡೆ ಇರೋಣ ಎಂದೆ. ಆಗಲಿ ಎಂದಳು. ಪಾತ್ರೆಗಳನ್ನು ಅವಳೇ ಎಣಿಸಿ ಗೋಣಿಗೆ ತುಂಬಿದಳು. ಬಾವಿಕಟ್ಟೆಗೆ ಹೋಗಿ ಸ್ವಲ್ಪ ಹೊತ್ತು ಹಗ್ಗ ಹಿಡಿದುಕೊಂಡು ನಿಂತಿದ್ದಳು. ನೀರು ಸೇದಲಿಲ್ಲ.

ಸೋಮ ಕೈಗಾಡಿ ತಂದಿದ್ದ. ಸಾಮಾನೆಲ್ಲ ಏರಿಸಿದ ಮೇಲೆ ನಾನು ಬಾಗಿಲು ಎಳೆದು ಬೀಗ ಹಾಕುತ್ತಿದ್ದೆ. ಆ ಕಾಗದ ಹಾಗೇ ಇತ್ತು. ಗಾಳಿಗೆ, ಬಿಸಿಲಿಗೆ ಬಣ್ಣ ಹೋಗಿತ್ತು, ಒಂದು ಮೂಲೆಯೂ ಎದ್ದಿರಲಿಲ್ಲ. ಇನ್ನು ಇದರ ಕೆಲಸವೇನು ಎಂದು ಉಗುರಿನಿಂದ ಕೀಳತೊಡಗಿದೆ. ವಿಶಾಲಾಕ್ಷಿ ನನ್ನ ಹಿಂದೆಯೇ ನಿಂತಿದ್ದಳು, ನನಗೆ ತಿಳಿಯಲಿಲ್ಲ.

"ಬುಡ್ರೀ" ಎಂದಳು. "ನಾನ್ ಕಾಯಿಸಿದ್ ಅಂಟು. ಅಷ್ಟ್ ಸುಲ್ಬಕ್ಕೆ ಬರಾಕಿಲ್ಲ."

ನಾನು ತಿರುಗಿ ನೋಡಿದೆ. ಸೋಮ ಗಾಡಿಯ ಹಗ್ಗ ಬಿಗಿಯುವವನ ಹಾಗೆ ಆಚೆಗೆ ಹೋದ.

"ಯಾವಾಗ್ಲಿಂದ?" ಎಂದು ಕೇಳಿದೆ.

"ಸೋಮ ತಮಟೆ ತಟ್ಟಿದ್ ದಿನದಿಂದ. ನಂಗೆ ಕಣ್ ಹೋಗೈತೆ, ಕಿವಿ ಐತಲ್ಲ. ಬೆಳಿಗ್ಗೆ ಮುಟ್ ನೋಡ್ದೆ, ಮೈಲುತುತ್ತ ಹಾಕಿದ್ ನಮ್ ಅಂಟಿನ್ ವಾಸ್ನೆ ಬಂತು. ಡಿಡಿಟಿಯೋರು ಸೀಮೆಸುಣ್ಣದಲ್ಲಿ ಬರದು ಹೋಯ್ತಾರೆ, ಅಂಟಾಕಲ್ಲ."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀವ್ ಹೇಳ್ಬೇಕಾಗ್ತಿತ್ತು. ಇಬ್ರಿಗೂ ಗೊತ್ತಾದ್ಮೇಲೆ ಒಂದ್ ದಿನಾನೂ ಆ ಮನೇಲಿರಾಕೆ ಆಯ್ತಿರ್ಲಿಲ್ಲ. ನಂಗೆ ಮೂರು ತಿಂಗ್ಳು ಸಿಕ್ತು."

ಅಷ್ಟೇ ಮಾತು. ಗಾಡಿಯ ಹಿಂದೆ ನನ್ನ ಭುಜ ಹಿಡಿದುಕೊಂಡು ನಡೆದು ಬಂದಳು. ದಾರಿಯಲ್ಲಿ ನಾನು ಒಂದು ಲೆಕ್ಕ ಹಾಕಲು ನೋಡಿದೆ. ಎಷ್ಟು ಬಾಗಿಲಿಗೆ ಅಂಟಿಸಿದ್ದೇನೆ, ಒಳಗಿದ್ದವರಲ್ಲಿ ಎಷ್ಟು ಜನಕ್ಕೆ ಒಲೆಗೆ ಎಷ್ಟು ಹೆಜ್ಜೆ ಎಂದು ಗೊತ್ತಿತ್ತು. ಒಬ್ಬರನ್ನೂ ನಾನು ಕೇಳಿರಲಿಲ್ಲ. ಆ ಅಂಟನ್ನೆಲ್ಲ ಕಾಯಿಸಿದವಳು ಇವಳು. ನನಗೆ ಅಲ್ಲಿ, ಆ ಇಳಿಜಾರಿನಲ್ಲಿ, ಅಳು ಬಂತು ಕುಶಾಲಪ್ಪನವರೇ. ಇಷ್ಟು ತಿಂಗಳು ಎಲ್ಲಿತ್ತೋ ಗೊತ್ತಿಲ್ಲ. ಅವಳ ಕೈ ನನ್ನ ಭುಜದ ಮೇಲೇ ಇತ್ತು, ಅವಳಿಗೆ ತಿಳಿದಿರಬೇಕು.

ತಪ್ಪಾಯಿತು ಎಂದು ಬರೆದಿದ್ದಿರಿ. ಬೆನ್ನು ತಿರುಗಿಸಿದವನು ನಾನು, ಬಸ್ಸು ಹತ್ತಿದವರು ನೀವು. ಅದನ್ನು ಅರ್ಧರ್ಧ ಇಟ್ಟುಕೊಳ್ಳೋಣ, ಮನೆಯನ್ನು ಇಟ್ಟುಕೊಂಡಿದ್ದ ಹಾಗೆ. ಬೊಳ್ಳಮ್ಮಕ್ಕನನ್ನು ಕರೆದುಕೊಂಡು ಒಂದು ದಿನ ಬನ್ನಿ. ನನ್ನ ಚೀಲದಲ್ಲಿ ಈಗ ನಿಮ್ಮ ಹೆಸರಿನ ಕಾಗದ ಯಾವುದೂ ಇಲ್ಲ.

ಇಲ್ಲಿಗೆ ಬಂದ ಮೇಲೆ ವಿಶಾಲಾಕ್ಷಿ ಏಳು ದಿನ ಮಂಚ ಬಿಟ್ಟು ಏಳಲಿಲ್ಲ. ಅಡಿಗೆ ನಾನೇ ಮಾಡುತ್ತಿದ್ದೇನೆ. ಅಂಟನ್ನೂ ನಾನೇ ಕಾಯಿಸುತ್ತೇನೆ, ಗಂಟು ಕಟ್ಟುತ್ತದೆ. ನಾನು ಅಂಟಿಸಿದ ಎರಡು ನೋಟೀಸು ಗಾಳಿಗೆ ಬಿದ್ದುಹೋದವೆಂದು ಶಿರಸ್ತೇದಾರರು ಕರೆದು ಕೇಳಿದರು.

ಈ ದಿನ ಬೆಳಿಗ್ಗೆ ಮಾತ್ರ, ನಾನು ಒಲೆ ಊದುತ್ತಿದ್ದಾಗ, ಅವಳು ಎದ್ದು ನಿಂತ ಸದ್ದಾಯಿತು. ಗೋಡೆ ಹಿಡಿದುಕೊಂಡು ಹೊರಟಳು. ಒಲೆಯ ಕಡೆ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಬಾಗಿಲಿಗೆ ಹೋಗಿ, ಅದನ್ನು ತೆಗೆದು, ಹೊರಮೈ ಮೇಲೆ ಮೇಲಿನಿಂದ ಕೆಳಗಿನವರೆಗೆ ಅಂಗೈ ಸವರಿ ನೋಡಿದಳು.

"ಏನೂ ಇಲ್ಲ" ಎಂದಳು.

"ಇಲ್ಲ" ಎಂದೆ.

ಮತ್ತೆ ಬಂದು ಮಂಚದ ಮೇಲೆ ಕೂತಳು. ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ.

ಇಂತಿ,
ನಾಗರಾಜು